ಬಿತ್ತುವಾಗಲೇ ಕೈತಪ್ಪುವ ಪೇಟೆ

2025ರ ಆಗಸ್ಟ್ 19ರಂದು ಕೇಂದ್ರ ಸರ್ಕಾರ ಹತ್ತಿಯ ಮೇಲಿದ್ದ ಶೇ 11ರ ಆಮದು ಸುಂಕವನ್ನು ತೆಗೆದುಹಾಕಿತು. ಮೊದಲು ಸೆಪ್ಟೆಂಬರ್ ಕೊನೆಯ ತನಕ ಎಂದರು, ಆಮೇಲೆ ಡಿಸೆಂಬರ್ 31ರ ತನಕ ಎಂದರು. ಅಮೆರಿಕ ಹೇರಿದ ಶೇ 50ರ ಸುಂಕದಿಂದ ಕಂಗೆಟ್ಟಿದ್ದ ಬಟ್ಟೆ ಉದ್ಯಮಕ್ಕೆ ಅಗ್ಗದ ಅರಳೆ ಸಿಗಲಿ ಎಂಬುದು ಲೆಕ್ಕಾಚಾರ. ಬೈಲಹೊಂಗಲ, ಸವದತ್ತಿ ಕಡೆಯ ಎರಿ ಹೊಲಗಳಲ್ಲಿ ಆ ಹೊತ್ತಿಗೆ ಹತ್ತಿ ಇನ್ನೂ ಗಿಡದಲ್ಲಿತ್ತು. ಬಿಡಿಸಿ, ಅಂಡಿಗೆ ಕಟ್ಟಿ ಅಡತಿ ಅಂಗಡಿಗೆ ತರುವ ಮೊದಲೇ ಅದರ ಧಾರಣಿ ಬೇರೆಲ್ಲೋ ಕುಸಿಯುವುದಕ್ಕೆ ದಾರಿಯಾಗಿತ್ತು. ಬೆಳೆದವನನ್ನು ಯಾರೂ ಕೇಳಲಿಲ್ಲ. ಕೇಳುವ ರೂಢಿಯೂ ಇಲ್ಲ.

ಇಂಥ ಹೊತ್ತಿನಲ್ಲೆಲ್ಲ ಒಂದು ಮಾತು ಏಳುತ್ತದೆ: ಜಾಗತಿಕ ಪೇಟೆಯ ಉಸಾಬರಿಯೇ ಬೇಡ, ನಮ್ಮೂರಿನ ಆರ್ಥಿಕತೆಯನ್ನು ನಾವೇ ಕಟ್ಟಿಕೊಳ್ಳೋಣ. ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುವ ಮಾತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳಲ್ಲಿ ಮತ್ತು ಆಸುಪಾಸಿನಲ್ಲಿ ಆ ಪ್ರಯತ್ನ ಸುಮಾರು ನೂರು ವರ್ಷಗಳಿಂದ ಒಂದಲ್ಲ ಒಂದು ರೂಪದಲ್ಲಿ ನಡೆದೇ ಇದೆ. ಖಾದಿ, ಸಹಕಾರ, ರೈತ ಚಳವಳಿ, ಕೈಮಗ್ಗ, ಸ್ವಸಹಾಯ ಸಂಘ ಎಲ್ಲ ಬಂದಿವೆ. ಕೆಲವು ನಿಂತವು, ಹಲವು ಸೊರಗಿದವು. ಯಾವುದು ಯಾಕೆ ಎಂದು ಒಟ್ಟಿಗೆ ಇಟ್ಟು ನೋಡಿದವರು ಕಡಿಮೆ.

ಜಾಗತೀಕರಣ 1991ರಲ್ಲಿ ಬಂತು ಎನ್ನುವುದು ಪರೀಕ್ಷೆಯಲ್ಲಿ ಬರೆಯಲು ಸರಿ, ಈ ಸೀಮೆಗೆ ಹೊಂದುವುದಿಲ್ಲ. ಧಾರವಾಡ ಸೀಮೆಯಲ್ಲಿ 1840ರ ದಶಕದಲ್ಲೇ ಬ್ರಿಟಿಷರು ಅಮೆರಿಕದ ಹತ್ತಿ ತಳಿಯನ್ನು ಬಿತ್ತಿಸಿ ನೋಡಿದ್ದರು. 1861ರಿಂದ 1865ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ಸಿಗದಾಯಿತು. ಈ ಭಾಗದ ಹತ್ತಿಗೆ ಚಿನ್ನದ ಬೆಲೆ ಬಂತು. ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗೇರುತ್ತಿದ್ದ ಕಾರಣಕ್ಕೆ ಈ ಅರಳೆಗೆ ಮುಂಬಯಿ ಪೇಟೆಯಲ್ಲಿ ಕುಮಟಾ ಹತ್ತಿ ಎಂದೇ ಹೆಸರು. ಯುದ್ಧ ಮುಗಿಯಿತು, ಬೆಲೆ ನೆಲ ಕಚ್ಚಿತು. ಅಂದರೆ ದೂರದ ದೇಶದ ಜಗಳಕ್ಕೆ ನಮ್ಮ ಹೊಲದಲ್ಲಿ ಬೆಲೆ ಏರಿಳಿಯುವುದು ಇಲ್ಲಿನವರಿಗೆ ಅಜ್ಜ ಮುತ್ತಜ್ಜರ ಕಾಲದ ಅನುಭವ.

ಹಾಗಾದರೆ ಅದಕ್ಕೂ ಹಿಂದಿನ ಆಯದ ಪದ್ಧತಿಗೆ ಮರಳೋಣವೇ? ಬಡಿಗೇರ, ಕಮ್ಮಾರ, ಕುಂಬಾರ, ಹಡಪದ, ಅಗಸ, ಎಲ್ಲರಿಗೂ ರಾಶಿಯ ಕಣದಲ್ಲಿ ಕಾಳು ಅಳೆದುಕೊಡುತ್ತಿದ್ದ ಆ ವ್ಯವಸ್ಥೆಯನ್ನು ಸ್ವಾವಲಂಬಿ ಗ್ರಾಮ ಎಂದು ಹೊಗಳಿ ಬರೆದವರಿದ್ದಾರೆ. ರೊಕ್ಕ ಊರು ಬಿಡುತ್ತಿರಲಿಲ್ಲ ನಿಜ. ಕಣದ ಅಂಚಿನಲ್ಲಿ ಕಾಯುತ್ತ ನಿಲ್ಲಬೇಕಾದವನಿಗೂ ಊರು ಬಿಡಲು ಆಗುತ್ತಿರಲಿಲ್ಲ. ಹತ್ತಿಯ ಜಿನ್ನಿನಲ್ಲಿ ಸಿಕ್ಕ ನಗದು ಕೂಲಿ ಅಂಥವರಿಗೆ ಬಿಡುಗಡೆಯಾಗಿಯೇ ಕಂಡಿತು. ಸ್ಥಳೀಯ ಆರ್ಥಿಕತೆಯ ಮಾತಾಡುವವರು ಇದನ್ನು ಮರೆತರೆ ಊರಿನ ಅರ್ಧ ಜನ ಅವರ ಸಭೆಗೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ಮೊದಲ ಗಂಭೀರ ಪ್ರಯತ್ನ ಖಾದಿಯದು. ಬೈಲಹೊಂಗಲದಿಂದ ಬಹಳ ದೂರವಿಲ್ಲದ ಹುದಲಿ ಗಂಗಾಧರರಾವ್ ದೇಶಪಾಂಡೆಯವರ ಊರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಬೆನ್ನೆಲುಬಾಗಿದ್ದ ಅವರು ಚರಕವನ್ನು ಕರ್ನಾಟಕದಲ್ಲಿ ಊರೂರಿಗೆ ಒಯ್ದರು. ಜನ ಅವರನ್ನು ಖಾದಿ ಭಗೀರಥ ಎಂದರು. 1937ರ ಏಪ್ರಿಲ್‌ನಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನ ಹುದಲಿಯಲ್ಲೇ ನಡೆಯಿತು, ಗಾಂಧಿ ಬಂದು ಉಳಿದರು. ಇತ್ತ ಕಿತ್ತೂರಿನಿಂದ ಧಾರವಾಡದ ಕಡೆ ಹೋದರೆ ಸಿಗುವ ಗರಗದ ಖಾದಿ ಕೇಂದ್ರ ದಶಕಗಳ ಕಾಲ ರಾಷ್ಟ್ರಧ್ವಜದ ಬಟ್ಟೆ ನೇಯ್ದಿದೆ. 1957ರಲ್ಲಿ ಹುಟ್ಟಿದ ಹುಬ್ಬಳ್ಳಿ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಧ್ವಜ ಹೊಲಿಯುತ್ತಾರೆ. ನೂಲುವವರು, ನೇಯುವವರು, ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ದೂರ ದೂರದ ಸರ್ಕಾರಿ ಕಟ್ಟಡಗಳ ಮೇಲೆ ಹಾರುವ ಬಾವುಟದ ಎಳೆ ಈ ಸೀಮೆಯದು ಎಂಬ ಹೆಮ್ಮೆಗೆ ಕಾರಣವಿತ್ತು.

2021ರ ಡಿಸೆಂಬರ್‌ನಲ್ಲಿ ಧ್ವಜಸಂಹಿತೆಗೆ ಒಂದು ತಿದ್ದುಪಡಿ ಬಂತು. ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜವೂ ಆಗಬಹುದು ಎಂದಾಯಿತು. ಮರುವರ್ಷ ಮನೆಮನೆಯಲ್ಲಿ ತ್ರಿವರ್ಣ ಧ್ವಜ ಹಾರಿಸುವ ಅಭಿಯಾನ. ಧ್ವಜಕ್ಕೆ ಹಿಂದೆಂದೂ ಇರದಷ್ಟು ಬೇಡಿಕೆ ಬಂದ ವರ್ಷವೇ ಬೆಂಗೇರಿಯವರು ಕೆಲಸವಿಲ್ಲ ಎಂದು ಪ್ರತಿಭಟಿಸಬೇಕಾಯಿತು. ಇದರಲ್ಲಿ ವಿದೇಶಿ ಕಂಪನಿಯ ಕೈವಾಡ ಹುಡುಕಬೇಕಾಗಿಲ್ಲ. ಸರ್ಕಾರವೆಂಬ ಕೊಳ್ಳುವವನು ಒಬ್ಬನೇ ಆಗಿದ್ದ; ಅವನು ಮನಸ್ಸು ಬದಲಿಸಿದ. ಖಾದಿ ಸ್ಥಳೀಯವಾಗಿದ್ದದ್ದು ಉತ್ಪಾದನೆಯಲ್ಲಿ ಮಾತ್ರ. ನೂಲುವಾಕೆ ತಾನು ನೂತದ್ದನ್ನು ಉಡುತ್ತಿರಲಿಲ್ಲ, ಉಡುವುದು ಅವಳ ಕೂಲಿಗೆ ನಿಲುಕುತ್ತಲೂ ಇರಲಿಲ್ಲ.

ರಾಮದುರ್ಗ, ಸುರೇಬಾನದ ಮಗ್ಗಗಳ ಕಥೆಯೂ ಇದೇ ದಾರಿಯದು. 1985ರಲ್ಲಿ ಕೈಮಗ್ಗಕ್ಕೆ ಮೀಸಲಾದ ಬಟ್ಟೆಗಳ ಕಾಯ್ದೆ ಬಂತು, ಮೊದಲು 22 ಬಗೆಗಳಿದ್ದದ್ದು ಆಮೇಲೆ 11ಕ್ಕೆ ಇಳಿಯಿತು. ಕೈಮಗ್ಗ ಅಭಿವೃದ್ಧಿ ನಿಗಮ ನೂಲು ಕೊಟ್ಟು ಕೂಲಿ ಕೊಡುವ ವ್ಯವಸ್ಥೆ ಮಾಡಿತು, ಶಾಲಾ ಮಕ್ಕಳ ಸಮವಸ್ತ್ರದ ಬಟ್ಟೆ ನೇಯಿಸಿತು. ಸಮವಸ್ತ್ರದ ಆದೇಶ ಬಂದ ವರ್ಷ ಒಲೆ ಉರಿಯುತ್ತದೆ, ತಡವಾದ ವರ್ಷ ನೇಕಾರ ಗೋವೆಯ ಬಸ್ಸು ಹತ್ತುತ್ತಾನೆ. ವಿದ್ಯುತ್ ಮಗ್ಗ ಬಂದು ಕೈಮಗ್ಗವನ್ನು ತಿಂದಿತು, ಈಗ ಸೂರತ್ತಿನ ಸೀರೆ ವಿದ್ಯುತ್ ಮಗ್ಗವನ್ನು ತಿನ್ನುತ್ತಿದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗಕ್ಕೆ ನುಗ್ಗಿದಳು. ನೆಲದ ಕುಣಿಯಲ್ಲಿ ಕಾಲಿಟ್ಟು ನೇಯುವ ಮಗ್ಗಕ್ಕೆ ನೀರು ಹೊಕ್ಕರೆ ಹಾಸು, ಹಣಿಗೆ, ಲಾಳಿ ಯಾವುದೂ ಉಳಿಯುವುದಿಲ್ಲ.

ಸಹಕಾರದ ವಿಷಯದಲ್ಲಿ ಉತ್ತರ ಕರ್ನಾಟಕಕ್ಕೆ ದೇಶದಲ್ಲೇ ಹಿರಿತನವಿದೆ. 1904ರ ಕಾಯ್ದೆಯ ಕೆಳಗೆ ದೇಶದ ಮೊದಲ ಸಹಕಾರ ಸಂಘ 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿತು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸುವುದು ಅದರ ಕೆಲಸ. ಆ ಬೇರಿನಿಂದ ಬೆಳೆದದ್ದರಲ್ಲಿ ಈ ಭಾಗದಲ್ಲಿ ದೊಡ್ಡದಾಗಿ ಕಾಣುವುದು ಸಕ್ಕರೆ. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ, ಬೈಲಹೊಂಗಲದ ಸೋಮೇಶ್ವರ, ರಾಮದುರ್ಗದ ಧನಲಕ್ಷ್ಮಿ ಮೂರೂ ಸಹಕಾರಿ ಕಾರ್ಖಾನೆಗಳಾಗಿ ಹುಟ್ಟಿದವು. ರೈತರೇ ಶೇರುದಾರರು, ಅವರೇ ಮಾಲೀಕರು, ಕಾಗದದಲ್ಲಿ. ಆಡಳಿತ ಮಂಡಳಿಯ ಚುನಾವಣೆ ವಿಧಾನಸಭೆಯ ಚುನಾವಣೆಗಿಂತ ಜೋರು ಯಾಕೆ ಎಂಬುದು ಇಲ್ಲಿ ಯಾವ ಹುಡುಗನನ್ನು ಕೇಳಿದರೂ ಗೊತ್ತು. ಧನಲಕ್ಷ್ಮಿ ಕೊನೆಗೆ ಗುತ್ತಿಗೆಯ ಮೇಲೆ ಚೆನ್ನೈ ಮೂಲದ ಖಾಸಗಿ ಕಂಪನಿಯೊಂದರ ಕೈಗೆ ಹೋಯಿತು.

ಇದಕ್ಕಿಂತ ಹೇಳತಕ್ಕ ಕಥೆ ಸವದತ್ತಿ ತಾಲೂಕಿನ ಮುನವಳ್ಳಿಯದು. 1990ರ ದಶಕದ ಕೊನೆಯಲ್ಲಿ ಬೆಳಗಾವಿಯ ಮುರಕುಂಬಿ ಕುಟುಂಬ ಆಂಧ್ರದ ಹಿಂದೂಪುರದಲ್ಲಿ ಮುಚ್ಚಿದ್ದ ನಿಜಾಂ ಶುಗರ್ಸ್ ಘಟಕವನ್ನು ಕೊಂಡು, ಕಳಚಿ, ಮುನವಳ್ಳಿಗೆ ತಂದು ನಿಲ್ಲಿಸಿತು. ಸವದತ್ತಿ ಗುಡ್ಡದ ಎಲ್ಲಮ್ಮನ ಇನ್ನೊಂದು ಹೆಸರಿನಲ್ಲೇ ರೇಣುಕಾ ಶುಗರ್ಸ್ ಎಂದಾಯಿತು. ಸಾವಿರಾರು ಕಬ್ಬು ಬೆಳೆಗಾರರು ಶೇರು ಹಾಕಿದರು. 2005ರಲ್ಲಿ ಕಂಪನಿ ಶೇರು ಪೇಟೆಗೆ ಇಳಿಯಿತು, 2010ರಲ್ಲಿ ಬ್ರೆಜಿಲ್‌ನ ಎರಡು ಸಕ್ಕರೆ ಕಂಪನಿಗಳನ್ನು ಕೊಂಡಿತು. ಮಲಪ್ರಭೆಯ ದಂಡೆಯ ಕಾರ್ಖಾನೆ ಬ್ರೆಜಿಲ್‌ನ ಕಬ್ಬಿನ ಗದ್ದೆಗಳ ಒಡೆಯನಾಗಿದೆ ಎಂದು ಆಗ ಪತ್ರಿಕೆಗಳು ಹಿಗ್ಗಿ ಬರೆದವು. ಸಕ್ಕರೆಯ ಅಂತರರಾಷ್ಟ್ರೀಯ ಬೆಲೆ ಬಿತ್ತು, ಬ್ರೆಜಿಲ್‌ನ ಸಾಲ ಉರುಳಾಯಿತು, 2018ರಲ್ಲಿ ಕಂಪನಿಯ ಹಿಡಿತ ಸಿಂಗಪುರದ ವಿಲ್ಮಾರ್ ಪಾಲಾಯಿತು. ಜಗತ್ತನ್ನು ಗೆಲ್ಲಲು ಹೊರಟ ಸ್ಥಳೀಯ ಉದ್ಯಮ ಇಪ್ಪತ್ತು ವರ್ಷಗಳಲ್ಲಿ ಜಾಗತಿಕ ಕಂಪನಿಯ ಒಂದು ಶಾಖೆ. ಯಂತ್ರ ಅಲ್ಲೇ ಇದೆ, ಕಬ್ಬೂ ಅಲ್ಲಿನದೇ. ತೀರ್ಮಾನ ಮಾತ್ರ ಊರಿನಲ್ಲಿಲ್ಲ.

ಕಬ್ಬಿನ ಗುಣವೇ ಅಂಥದು. ಕಡಿದ ಮೇಲೆ ದಿನ ಕಳೆದಂತೆ ತೂಕ ಇಳಿಯುತ್ತದೆ, ಸಕ್ಕರೆ ಅಂಶ ಕುಗ್ಗುತ್ತದೆ. ರಸ್ತೆಯ ಮೇಲೆ ಟ್ರ್ಯಾಕ್ಟರ್ ಸಾಲುಗಟ್ಟಿ ನಿಂತಿರುವಾಗ ರೈತ ಚೌಕಾಸಿ ಮಾಡಲಾರ. ಕಾಟಾ ಕಾರ್ಖಾನೆಯದು, ಇಳುವರಿ ಲೆಕ್ಕ ಹಾಕುವವರೂ ಕಾರ್ಖಾನೆಯವರು. ಬೆಲೆ ನಿಂತಿರುವುದು ಆ ಇಳುವರಿಯ ಮೇಲೆ: 2025-26ರ ಕೇಂದ್ರದ ದರ ಶೇ 10.25 ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಹೊತ್ತಿದ ಕಬ್ಬಿನ ಹೋರಾಟ ಜಿಲ್ಲೆಯೆಲ್ಲ ಹಬ್ಬಿದಾಗ ರೈತರು ಕಟಾವು, ಸಾಗಣೆ ಖರ್ಚು ಬಿಟ್ಟು ಟನ್‌ಗೆ 3,500 ಕೇಳಿದರು, 3,300ಕ್ಕೆ ಒಪ್ಪಂದವಾಯಿತು. ಬೆಲ್ಲದ ಗಾಣಗಳು ಊರೂರಿಗೆ ಇದ್ದ ಕಾಲದಲ್ಲಿ ಬೇಡ ಎನ್ನುವ ದಾರಿಯೊಂದು ರೈತನಿಗಿತ್ತು. ಈಗ ಅವು ಬೆರಳೆಣಿಕೆಯಷ್ಟು.

ಇದಕ್ಕೆ ಎದುರಾಗಿ ಹಾಲನ್ನು ಇಟ್ಟು ನೋಡಬೇಕು. ಅದೂ ಕೆಡುವ ವಸ್ತು, ಅದೂ ಸಹಕಾರ, ಅಲ್ಲೂ ರಾಜಕೀಯ. ಆದರೂ ಹಾಲಿನ ಸಂಘ ಹಳ್ಳಿಯಲ್ಲಿ ಉಸಿರಾಡುತ್ತಿದೆ. ನಾನು ಕಂಡ ಕಾರಣ ಸಣ್ಣದು: ಅಳತೆ ಕಣ್ಣೆದುರಿಗೆ ನಡೆಯುತ್ತದೆ. ಕ್ಯಾನು ಹಿಡಿದು ನಿಂತವರ ಮುಂದೆಯೇ ಜಿಡ್ಡು ಪರೀಕ್ಷೆ, ಮುಂದೆಯೇ ಲೀಟರು, ಕೈಗೆ ಚೀಟಿ. ಕಬ್ಬಿನಲ್ಲಿ ವರ್ಷಕ್ಕೊಮ್ಮೆ ತೂಕ, ಅದೂ ಗೇಟಿನೊಳಗೆ.

ಕಿತ್ತೂರಿನ ಹೆಸರೆತ್ತಿದರೆ ಭಾಷಣಕಾರರು ಬ್ರಿಟಿಷರ ವಿರುದ್ಧದ 1824ರ ಯುದ್ಧಕ್ಕೆ ಹೋಗುತ್ತಾರೆ. ಈ ವಿಷಯದಲ್ಲಿ 1989 ಹೆಚ್ಚು ಉಪಯೋಗದ್ದು. ಆ ವರ್ಷದ ವಿಧಾನಸಭೆ ಚುನಾವಣೆಯಲ್ಲಿ ರೈತ ಸಂಘ ಗೆದ್ದ ಎರಡೂ ಸ್ಥಾನಗಳು, ಅಂದರೆ ಕಿತ್ತೂರು ಮತ್ತು ಧಾರವಾಡ ಗ್ರಾಮೀಣ, ಒಬ್ಬರೇ ಗೆದ್ದದ್ದು: ಚಿಕ್ಕಬಾಗೇವಾಡಿಯ ಬಾಬಾಗೌಡ ಪಾಟೀಲ. ಅವರು ಬಿಟ್ಟುಕೊಟ್ಟ ಧಾರವಾಡದಿಂದ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಸದನಕ್ಕೆ ಬಂದರು. ಈ ಚಳವಳಿಯ ಕಿಡಿ ಹೊತ್ತಿದ್ದು 1980ರ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ. ಅಲ್ಲಿಗೆ ಹರಿಯುವ ನೀರು ಸವದತ್ತಿಯ ನವಿಲುತೀರ್ಥ ಅಣೆಕಟ್ಟಿನದು. ನೀರಾವರಿ ಬಂತೆಂದು ರೈತರು ವರಲಕ್ಷ್ಮಿ ಹತ್ತಿ ಹಾಕಿದ್ದರು. ಧಾರವಾಡದ ವಿಜ್ಞಾನಿಗಳು 1972ರಲ್ಲಿ ಬಿಡುಗಡೆ ಮಾಡಿದ ಹೆಸರಾಂತ ಹೈಬ್ರಿಡ್ ಅದು. ಬೀಜ ಪ್ರತಿವರ್ಷ ಕೊಳ್ಳಬೇಕು, ಗೊಬ್ಬರ, ಔಷಧಿ ಹೊಡೆಯಬೇಕು. ಬೆಲೆ ಕುಸಿದ ಹೊತ್ತಿಗೇ ಸರ್ಕಾರ ನೀರಿನ ಕರ, ಅಭಿವೃದ್ಧಿ ಕರ ಎಂದು ಬಾಗಿಲು ಬಡಿಯಿತು. 1992ರಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿದ್ದು, 1996ರಲ್ಲಿ ಕೆಂಟಕಿ ಚಿಕನ್ ಅಂಗಡಿಯ ಗಾಜು ಒಡೆದದ್ದು, 1998ರಲ್ಲಿ ಮೊನ್ಸಾಂಟೊದ ಪ್ರಯೋಗದ ಹತ್ತಿ ಸುಟ್ಟದ್ದು ಎಲ್ಲವೂ ಇದೇ ಬೇರಿನ ಟೊಂಗೆಗಳು. ಬೇಡ ಎಂದು ಹೇಳುವುದನ್ನು ಆ ಚಳವಳಿ ದೇಶಕ್ಕೇ ಕಲಿಸಿತು. ಬೇಕಾದುದನ್ನು ಕಟ್ಟುವ ಕೆಲಸ ಮಾತ್ರ ಹಿಂದೆ ಬಿತ್ತು. ಬಾಬಾಗೌಡರು 1998ರಲ್ಲಿ ಸಂಸದರಾಗಿ ಕೇಂದ್ರದಲ್ಲಿ ಗ್ರಾಮೀಣ ಖಾತೆಯ ರಾಜ್ಯ ಸಚಿವರೂ ಆದರು; ಬಿಟಿ ಹತ್ತಿ 2002ರಲ್ಲಿ ಅನುಮತಿ ಪಡೆದು ಕೆಲವೇ ವರ್ಷಗಳಲ್ಲಿ ಅವರದೇ ಸೀಮೆಯ ಹೊಲ ತುಂಬಿತು.

ಇಷ್ಟನ್ನೂ ಒಟ್ಟಿಗೆ ಇಟ್ಟಾಗ ನನಗೆ ಕಾಣುವುದು ಇದು: ಪೇಟೆಯ ಹಿಡಿತ ಪೇಟೆಯಲ್ಲಿ ತಪ್ಪುವುದಲ್ಲ, ಬಿತ್ತುವಾಗಲೇ ತಪ್ಪುತ್ತದೆ. ಜೋಳವನ್ನು ಊರಿನಲ್ಲೇ ಬೀಸಿ ತಿನ್ನಬಹುದು. ಅದರ ಜಾಗಕ್ಕೆ ಬಂದ ಗೋವಿನಜೋಳ ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ, ಈಗ ಎಥೆನಾಲ್‌ಗೆ ಹೋಗಬೇಕು. ಹಿಂಗಾರಿಯ ಜಯಧರ ಹತ್ತಿಯ ಎಳೆ ಗಿಡ್ಡ, ಔಷಧಿ ಹೆಚ್ಚು ಬೇಡದು, ಕೈನೂಲಿಗೂ ಬಂದೀತು. ಬಿಟಿ ಹತ್ತಿಯ ಉದ್ದ ಎಳೆ ಬೇಕಾಗಿರುವುದು ದೊಡ್ಡ ಗಿರಣಿಗೆ. ಎಣ್ಣೆಕಾಳಿನಲ್ಲಂತೂ ಇದು ಕನ್ನಡಿಯಷ್ಟು ಸ್ಪಷ್ಟ.

ಕುಸುಬಿಯನ್ನೇ ತೆಗೆದುಕೊಳ್ಳಿ. ಜೋಳದ ಹೊಲದ ಅಂಚಿಗೆ, ನಡುವೆ ಅಕ್ಕಡಿ ಸಾಲಾಗಿ ಬಿತ್ತುತ್ತಿದ್ದರು. ಮುಳ್ಳಿಗೆ ಹೆದರಿ ದನ ಹೊಲಕ್ಕೆ ಬಾಯಿ ಹಾಕುತ್ತಿರಲಿಲ್ಲ. ಎಳೆಯದಿರುವಾಗ ಎಲೆ ಪಲ್ಯಕ್ಕೆ. ಬಲಿತ ಮೇಲೆ ಬೆಳಗಿನ ಜಾವ ಇಬ್ಬನಿಯಲ್ಲಿ ಮುಳ್ಳು ಮೆತ್ತಗಿರುವಾಗ ಕೈಗೆ ಬಟ್ಟೆ ಸುತ್ತಿಕೊಂಡು ಕೀಳಬೇಕು, ಬಿಸಿಲೇರಿದರೆ ಮುಟ್ಟಲಾಗದು. ಕಾಳು ನೆನೆಸಿ ರುಬ್ಬಿ ಹಾಲು ತೆಗೆದರೆ ಕುಸುಬಿ ಹುಗ್ಗಿ. ಉಳಿದದ್ದು ಗಾಣಿಗೇರ ಓಣಿಗೆ. ಕಾಳಿನಲ್ಲಿ ಶೇ 30ರ ಆಸುಪಾಸು ಎಣ್ಣೆ, ಎತ್ತಿನ ಗಾಣಕ್ಕೂ ಬಗ್ಗುತ್ತದೆ. ಎಣ್ಣೆ ಅಡುಗೆಗೆ, ಹಿಂಡಿ ಎತ್ತಿಗೆ, ಎತ್ತಿನ ಗೊಬ್ಬರ ಹೊಲಕ್ಕೆ. ಒಂದು ಕಾಳಿನ ಸುತ್ತ ಕೀಳುವವಳು, ಗಾಣಿಗ, ದನ ಕಟ್ಟಿದವ ಮೂವರೂ ಬದುಕಿದ್ದರು.

ಈಗ ಬೈಲಹೊಂಗಲ ಸೀಮೆಯ ಮುಂಗಾರಿ ಹೊಲ ತುಂಬ ಸೋಯಾ. ಅದರಲ್ಲಿ ಎಣ್ಣೆ ಶೇ 18-20 ಮಾತ್ರ. ಗಾಣಕ್ಕೆ ಹಾಕಿದರೆ ಪೂರೈಸದು, ರಾಸಾಯನಿಕ ದ್ರಾವಣದಲ್ಲಿ ತೆಗೆಯುವ ದೊಡ್ಡ ಕಾರ್ಖಾನೆಯೇ ಬೇಕು. ಕಾಳು ಲಾರಿಯಲ್ಲಿ ಹೋಗುತ್ತದೆ, ಎಣ್ಣೆ ಪಾಕೀಟಿನಲ್ಲಿ ಬರುತ್ತದೆ, ಹಿಂಡಿ ಬರುವುದೇ ಇಲ್ಲ. 1986ರ ಎಣ್ಣೆಕಾಳು ಮಿಷನ್‌ನಿಂದ ದೇಶ 1990ರ ದಶಕದ ಆರಂಭಕ್ಕೆ ಹೆಚ್ಚುಕಡಿಮೆ ಸ್ವಾವಲಂಬಿಯಾಗಿತ್ತು. 1994ರಲ್ಲಿ ಪಾಮೋಲಿನ್ ಆಮದನ್ನು ಮುಕ್ತ ಮಾಡಿದರು. ಇವತ್ತು ನಾವು ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಅಡುಗೆ ಎಣ್ಣೆಯ ಮೂಲ ಸುಂಕವನ್ನು ಶೇ 20ಕ್ಕೆ ಏರಿಸಿದ ಸರ್ಕಾರವೇ 2025ರ ಮೇ ಕೊನೆಗೆ ಅದನ್ನು ಶೇ 10ಕ್ಕೆ ಇಳಿಸಿತು. ಅಷ್ಟರಲ್ಲಿ ಒಂದು ಹಂಗಾಮು ಮಾತ್ರ ಕಳೆದಿತ್ತು.

ರೈತನನ್ನು ದೂರುವುದು ಸುಲಭ, ನ್ಯಾಯವಲ್ಲ. ಸೋಯಾಕ್ಕೆ ಯಂತ್ರದ ಕೊಯ್ಲು ಇದೆ, ಮೂರು ತಿಂಗಳಲ್ಲಿ ಕೈಗೆ ಬರುತ್ತದೆ, ಆಮೇಲೆ ಹಿಂಗಾರಿಗೆ ಕಡಲೆ ಬಿತ್ತಬಹುದು. ಕುಸುಬಿ ಕೀಳಲು ಬೆಳಗಿನ ಜಾವ ಬರುವ ಆಳು ಎಲ್ಲಿ? ಮುಳ್ಳಿಲ್ಲದ ತಳಿಗಳು ಬಂದಿವೆ, ಕಟಾವಿಗೆ ಯಂತ್ರವೂ ಒಗ್ಗುತ್ತದೆ. ಆದರೆ ಕೊಳ್ಳುವವರು ಇದ್ದಾರೆಂಬ ಭರವಸೆಯಿಲ್ಲದೆ ಯಾರೂ ಬಿತ್ತುವುದಿಲ್ಲ. ಪಟ್ಟಣಗಳಲ್ಲಿ ಮರದ ಗಾಣದ ಎಣ್ಣೆ ಈಗ ಆರೋಗ್ಯದ ಹೆಸರಿನಲ್ಲಿ ಮರಳಿದೆ, ಪಾಕೀಟು ಎಣ್ಣೆಯ ಎರಡು ಮೂರು ಪಟ್ಟು ಬೆಲೆಗೆ. ಒಳ್ಳೆಯದೇ. ಕುಸುಬಿ ಬೆಳೆದವರ ಮನೆಯೊಲೆಯ ಮೇಲೆ ಪಾಮೋಲಿನ್ ಕಾಯುತ್ತಿರುವ ತನಕ ಅದನ್ನು ಸ್ಥಳೀಯ ಆರ್ಥಿಕತೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಹೆಗ್ಗೋಡಿನ ಚರಕ ಸಂಸ್ಥೆಯ ಪ್ರಸನ್ನ ಕೈ ಉತ್ಪನ್ನಗಳಿಗೆ ತೆರಿಗೆಯೇ ಬೇಡ ಎಂದು 2017ರಲ್ಲಿ ಸತ್ಯಾಗ್ರಹ ಹೂಡಿದ್ದು ಸರಿಯಾದ ಹೆಜ್ಜೆ. ಆದರೆ ಕೈಯಿಂದ ಮಾಡಿದ್ದು ಉಳ್ಳವರ ರುಚಿಯಾಗಿಯೇ ಉಳಿಯುವ ಅಪಾಯ ಅದರಿಂದ ತಪ್ಪುವುದಿಲ್ಲ.

ಯೋಜನೆ, ಭಾಷಣಗಳಿಲ್ಲದೆ ನಿಂತಿರುವವು ಬೇರೆಯೇ ಇವೆ. ಹೆಣ್ಣುಮಕ್ಕಳ ರೊಟ್ಟಿ ಕೇಂದ್ರಗಳು ಅದರಲ್ಲಿ ಮುಖ್ಯವಾದವು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿಗೆ ಖಾನಾವಳಿ, ಮದುವೆ ಮನೆ, ಧಾರವಾಡದ ಹಾಸ್ಟೆಲ್ ಹುಡುಗರೇ ಗಿರಾಕಿಗಳು. ಜೋಳ ಇಲ್ಲಿನದು, ಕೈ ಇಲ್ಲಿನದು, ತಿನ್ನುವವರೂ ಇಲ್ಲಿನವರು. ಓಣಿಯ ಭಿಸಿ ಇನ್ನೊಂದು: ತಿಂಗಳಿಗಿಷ್ಟು ಹಾಕಿ, ಎತ್ತಿದವರು ಹೊಲಿಗೆ ಯಂತ್ರವನ್ನೋ ಎಮ್ಮೆಯನ್ನೋ ಕೊಳ್ಳುತ್ತಾರೆ. ಊರಿನ ಉಳಿತಾಯ ಊರಿನಲ್ಲೇ ತಿರುಗುವುದು ಹೆಚ್ಚಾಗಿ ಇಲ್ಲಿಯೇ. ಪತ್ತಿನ ಸಂಘಗಳು ಮಾಡಬೇಕಾಗಿದ್ದ ಕೆಲಸ ಅದು. ಕೆಲವು ಮಾಡುತ್ತಿವೆ, ಕೆಲವು ಠೇವಣಿದಾರರನ್ನು ಮುಳುಗಿಸಿವೆ. ಎಲ್ಲಮ್ಮನ ಗುಡ್ಡವೂ ಒಂದು ದೊಡ್ಡ ಪೇಟೆಯೇ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಬಳೆ, ಭಂಡಾರ, ಕಾಯಿ, ಕರ್ಪೂರ ಮಾರಿ ವರ್ಷದ ಅರ್ಧ ಸಂಸಾರ ನಡೆಸುವವರಿದ್ದಾರೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಗುಡ್ಡಕ್ಕೆ ಜನವೋ ಜನ. ಗೃಹಲಕ್ಷ್ಮಿಯ ಎರಡು ಸಾವಿರದಲ್ಲಿ ಒಂದಿಷ್ಟು ಸಂತೆಯಲ್ಲಿ ಇಳಿಯುತ್ತದೆ. ಆದರೆ ಆ ಬಳೆ ಫಿರೋಜಾಬಾದಿನದು, ಸಂತೆಯ ಬಟ್ಟೆ ಸೂರತ್ತಿನದು. ರೊಕ್ಕ ಬರುವುದಕ್ಕೂ ನಿಲ್ಲುವುದಕ್ಕೂ ಇರುವ ಅಂತರ ಅಲ್ಲಿದೆ.

ಹೊರಗಿನ ಉದಾಹರಣೆಗಳನ್ನು ನಮ್ಮವರು ಬಹಳ ಹೇಳುತ್ತಾರೆ. ಆಸ್ಟ್ರಿಯದ ವೋರ್ಗ್ಲ್ ಎಂಬ ಊರು 1932ರಲ್ಲಿ ತನ್ನದೇ ನೋಟು ಚಲಾಯಿಸಿತು, ಮರುವರ್ಷ ಅಲ್ಲಿನ ಕೇಂದ್ರ ಬ್ಯಾಂಕ್ ನಿಲ್ಲಿಸಿತು. ಸ್ಪೇನಿನ ಮೊಂಡ್ರಗಾನ್ ಸಹಕಾರ ಸಮೂಹ 1956ರಿಂದ ನಡೆದಿದೆ. ಹತ್ತಿರದ್ದೆಂದರೆ ಕೇರಳದ ಊರಾಳುಂಗಲ್. 1925ರಲ್ಲಿ ಹುಟ್ಟಿದ ಕೂಲಿಕಾರರ ಸಂಘ ಇಂದು ರಸ್ತೆ, ಸೇತುವೆ ಕಟ್ಟುತ್ತದೆ. ನಮ್ಮ ಸೀಮೆಗೆ ನೇರವಾಗಿ ಉಪಯೋಗವಾಗುವುದು ಬ್ರೆಜಿಲ್‌ನ 2009ರ ಕಾನೂನು: ಶಾಲೆಯ ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ ಶೇ 30ನ್ನು ಸಣ್ಣ ರೈತ ಕುಟುಂಬಗಳಿಂದಲೇ ಕೊಳ್ಳಬೇಕು ಎಂದು ಅದು ವಿಧಿಸಿತು. ನಾವು ಬ್ರೆಜಿಲ್‌ನಿಂದ ತರಬೇಕಾಗಿದ್ದದ್ದು ಸಕ್ಕರೆ ಕಾರ್ಖಾನೆಯಲ್ಲ, ಇದನ್ನು.

ಖಾದಿಯನ್ನು ಮುಳುಗಿಸಿದ್ದು ಸರ್ಕಾರವೆಂಬ ಒಬ್ಬನೇ ಗಿರಾಕಿ ಎಂದು ಮೇಲೆ ಹೇಳಿ ಈಗ ಅದೇ ಗಿರಾಕಿಯನ್ನು ಕರೆಯುವುದು ಸರಿಯೇ ಎಂದು ಕೇಳಬಹುದು. ವ್ಯತ್ಯಾಸವಿದೆ. ಧ್ವಜವನ್ನು ಸರ್ಕಾರ ಬೇಡವೆಂದರೆ ನೇಯ್ದವನಿಗೆ ಅದರಿಂದ ಬೇರೇನೂ ಮಾಡಲಾಗದು. ಜೋಳವನ್ನು ಬೇಡವೆಂದರೆ ಊರು ತಿನ್ನುತ್ತದೆ, ಕುಸುಬಿಯನ್ನು ಬೇಡವೆಂದರೆ ಗಾಣಕ್ಕೆ ಹೋಗುತ್ತದೆ. ಅಕ್ಷರ ದಾಸೋಹ, ವಿದ್ಯಾರ್ಥಿ ನಿಲಯ, ಅಂಗನವಾಡಿ, ಪಡಿತರ ಎಲ್ಲ ಸೇರಿದರೆ ಈ ನಾಲ್ಕು ತಾಲೂಕುಗಳಲ್ಲಿ ದಿನವೂ ಉಣ್ಣುವ ಬಾಯಿಗಳಿಗೆ ಕೊರತೆಯಿಲ್ಲ. ಆದರೂ ಜೋಳ ತಿನ್ನುವ ಸೀಮೆಗೆ ಹೊರಗಿನ ಅಕ್ಕಿ ಬರುತ್ತದೆ. ಪಡಿತರದಲ್ಲಿ ಜೋಳ ಕೊಟ್ಟ ವರ್ಷಗಳೂ ಇವೆ. ಆದರೆ ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಸಣ್ಣ ರೈತ ತನ್ನ ಚೀಲವನ್ನು ದಲಾಲಿಗೆ ಕೊಟ್ಟಾಗಿರುತ್ತದೆ. ಎಣ್ಣೆ, ಬೇಳೆಯ ಸರಬರಾಜಿಗೆ ಟೆಂಡರ್ ಕರೆಯುವಾಗ ಕೇಳುವ ವಾರ್ಷಿಕ ವಹಿವಾಟು, ಮುಂಗಡ ಠೇವಣಿ, ಹಿಂದಿನ ವರ್ಷಗಳ ಅನುಭವ ಪತ್ರ ಇವು ಯಾವ ಸ್ತ್ರೀಶಕ್ತಿ ಸಂಘಕ್ಕೆ ನಿಲುಕುತ್ತವೆ? ಟೆಂಡರನ್ನು ಜಿಲ್ಲೆಗೊಂದರ ಬದಲು ಹೋಬಳಿಗೊಂದಾಗಿ ಒಡೆಯಬಹುದು, ಮೊದಲ ವರ್ಷ ಒಂದು ಹೋಬಳಿಯಲ್ಲಿ ಎಣ್ಣೆಗೆ ಮಾತ್ರ ಹೀಗೆ ಮಾಡಿ ನೋಡಬಹುದು. ಬಿಲ್ಲು ಆರು ತಿಂಗಳು ತಡವಾದರೆ ಗಾಣ ನಿಲ್ಲುತ್ತದೆ, ಆದ್ದರಿಂದ ಹಾಲಿನ ಸಂಘದ ಹಾಗೆ ವಾರಕ್ಕೋ ಹದಿನೈದು ದಿನಕ್ಕೋ ಬಟವಾಡೆಯಾಗಬೇಕು. ಕುಸುಬಿ ಬಿತ್ತುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಯಾರು ಎಷ್ಟು ಕೊಳ್ಳುತ್ತಾರೆ ಎಂಬುದು ರೈತನಿಗೆ ಗಣೇಶ ಚೌತಿಯೊಳಗೆ ಗೊತ್ತಾಗಬೇಕು.